ಕಳ್ಳ, ಕಳ್ಳಿ ಪ್ರೀತಿಸುವ ಒಳ್ಳೆ ಸಿನಿಮಾ ಯಾವುದಿದೆ?

ಮಳೆಬಿಲ್ಲು:
ಎದುರಾಳಿ ಕಳ್ಳರಿಬ್ಬರು ಪ್ರೀತಿಯಲ್ಲಿ ಬೀಳೋ ಸಿನಿಮಾ ಹುಡುಕ್ತಿದ್ದೀನಿ. ನಾನು ನೋಡಿದ್ದರಲ್ಲೆಲ್ಲ ಲಾಕರ್ ಒಡೆದ ಮೇಲೆ ಒಂದು ಹಾಡು, ಹಾಡು ಮುಗಿದ ಮೇಲೆ ಮತ್ತೆ ಲಾಕರ್. ಕಳ್ಳತನ, ಪ್ರೀತಿ ಎರಡೂ ಒಂದೇ ದೃಶ್ಯದಲ್ಲಿ ನಡೆಯೋದು ಇದ್ದರೆ ಹೇಳಿ.

ಹಳೇರೀಲು:
ಮೇಡಂ, 1932ರ ‘ಟ್ರಬಲ್ ಇನ್ ಪ್ಯಾರಡೈಸ್’ ನೋಡಿ. ನಿರ್ದೇಶಕ ಅರ್ನ್ಸ್ಟ್ ಲೂಬಿಚ್. ವೆನಿಸ್‌ನ ಹೋಟೆಲಲ್ಲಿ ಬ್ಯಾರನ್ ವೇಷದ ಗ್ಯಾಸ್ಟನ್, ಕೌಂಟೆಸ್ ವೇಷದ ಲಿಲಿ ರಾತ್ರಿ ಊಟಕ್ಕೆ ಕೂತಿದ್ದಾರೆ. ನೀವು ಕಳ್ಳ ಅಂತಾಳೆ, ಹಿಂದೆಯೇ ಉಪ್ಪು ಕೊಡಿ ಅಂತಾಳೆ! ಅವನು ನಿಧಾನಕ್ಕೆ ಎದ್ದು ಬಾಗಿಲಿಗೆ ಬೀಗ ಹಾಕಿ, ಪರದೆ ಎಳೆದು, ಅವಳನ್ನು ಹಿಡಿದು ಅಲ್ಲಾಡಿಸ್ತಾನೆ. ಅವನ ಜೇಬಿಂದ ಅವಳು ಎತ್ತಿದ್ದ ಪರ್ಸ್ ಕೆಳಗೆ ಬೀಳುತ್ತೆ. ಮತ್ತೆ ಊಟ. ಅವಳ ಪಿನ್ನು ಅವನ ಹತ್ತಿರ, ಅವನ ಗಡಿಯಾರ ಅವಳ ಹತ್ತಿರ. ಐದು ನಿಮಿಷ ಹಿಂದಿತ್ತು, ಸರಿ ಮಾಡಿದ್ದೀನಿ ಅಂತ ವಾಪಸ್ ಕೊಡ್ತಾಳೆ. ಹುಟ್ಟಿದಾರಭ್ಯ ವೇಷದಲ್ಲೇ ಬದುಕಿದ ಹಾಗಿರೋ ಇಬ್ಬರು ಇವರು. ತಾನು ಯಾರು ಅಂತ ಪೂರ್ತಿ ಗೊತ್ತಿರೋ ಜೀವ ಎದುರಿಗೇ ಕೂತಿದೆ ಅನ್ನೋ ಖುಷಿ ಇದೆಯಲ್ಲ, ಅದೇ ಅಲ್ಲಿನ ಪ್ರೀತಿ.

ಕೊನೇಬೆಂಚು:
ಅಷ್ಟು ಹಳೇದಾ? ಬೋರ್ ಹೊಡೆಯಲ್ವಾ ಸರ್? ಹೆಸರೇ ಕೇಳಿಲ್ಲ.

ಹಳೇರೀಲು:
ಒಂದೂವರೆ ಗಂಟೆಯೂ ಇಲ್ಲ. ಹೆಸರು ಕೇಳದಿರೋಕೆ ಕಾರಣ ಇದೆ. ಸಿನಿಮಾದಲ್ಲಿ ಏನು ತೋರಿಸಬಹುದು, ಏನು ಬಾರದು ಅನ್ನೋ ಹಾಲಿವುಡ್ಡಿನ ನೀತಿಸಂಹಿತೆ 1934ರಿಂದ ಬಿಗಿಯಾಯ್ತು, ಮಾರನೇ ವರ್ಷ ಇದರ ಮರುಬಿಡುಗಡೆಗೆ ಒಪ್ಪಿಗೆ ಸಿಗಲಿಲ್ಲ. ದಶಕಗಳ ಕಾಲ ಜನ ನೋಡೋ ಹಾಗೇ ಇರಲಿಲ್ಲ. 1991ರಲ್ಲಿ, ಕಾಪಾಡಿ ಇಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಅತ್ತರು:
ನನಗೆ ಗ್ಯಾಸ್ಟನ್ ನಿಜವಾಗಿ ಸೋತಿದ್ದು ಪ್ಯಾರಿಸ್ಸಿನ ಸೆಂಟ್ ಕಂಪನಿ ಒಡತಿ ಮರಿಯೆಟ್‌ಗೆ ಅನ್ಸುತ್ತೆ. ಅವಳ 1,25,000 ಫ್ರಾಂಕಿನ ಬ್ಯಾಗ್ ಕದ್ದು, ತಾನೇ ತಂದುಕೊಟ್ಟು, ಅವಳ ಸೆಕ್ರೆಟರಿ ಆಗ್ತಾನೆ. ಇಬ್ಬರ ಒಂದು ಸಂಜೆ ಪೂರ್ತಿ ಬರೀ ಗಡಿಯಾರದ ಮುಖ ತೋರಿಸಿ, ಧ್ವನಿ ಕೇಳಿಸಿ ಮುಗಿಸ್ತಾರೆ ಲೂಬಿಚ್. ಅದಕ್ಕಿಂತ ಚೆಂದದ ಪ್ರೇಮದೃಶ್ಯ ಬೇಕಾ?

ಹಳೇರೀಲು:
ಆ ದೃಶ್ಯ ನನಗೂ ಪ್ರಾಣ. ಆದರೆ ಅವನು ಯಾರು ಅಂತ ಗೊತ್ತಾದಾಗ ಮರಿಯೆಟ್ ಪಾತ್ರದ ಕೇ ಫ್ರಾನ್ಸಿಸ್ ಮುಖ ನೋಡಿ, ಎಷ್ಟು ನೋವು ಅಲ್ಲಿ. ಲಿಲಿಗೆ ಆ ವಿಷಯ ಮೊದಲ ಊಟದಲ್ಲೇ ಗೊತ್ತಿತ್ತು, ಗೊತ್ತಿದ್ದೇ ಒಲಿದಳು. ನನ್ನ ಓಟು ಅವಳಿಗೇ. ಕೊನೆಯ ಟ್ಯಾಕ್ಸಿ ದೃಶ್ಯದ ಬಗ್ಗೆ ಇಲ್ಲಿ ಯಾರೂ ಬರೀಬೇಡಿ, ಮೇಡಂ ನೋಡ್ಕೊಂಡು ಬರಲಿ.