‘ಸೈಕೋ’ ಅಂತಾಳೆ ಮಗಳು, ಹೇಗೆ ತಿದ್ದೋದು?

ಪೋಸ್ಟ್ ಹಾಕಿದ ತಾಯಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 14. ಮಾನಸಿಕ ಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿದ್ದ ಕ್ಲಾಸಿನ ಹುಡುಗನೊಬ್ಬ ಸೋಮವಾರ ವಾಪಸ್ ಬರ್ತಿದ್ದಾನೆ. ಇವರ ವಾಟ್ಸಾಪ್ ಗುಂಪಲ್ಲಿ ಈಗಲೇ ‘ಸೈಕೋ’ ಅಂತ ಹೆಸರಿಟ್ಟಾಗಿದೆ. ಬೈದರೆ ಮುಖ ತಿರುಗಿಸ್ತಾಳೆ.

ಹಿರಿಯ ಸದಸ್ಯ:
ಸಿಂಪಲ್ಲಮ್ಮ. ಸಕ್ಕರೆ ಕಾಯಿಲೆ ಇದ್ದಂಗೆ ಇದೂ ಒಂದು, ಮೆದುಳಲ್ಲಿ ಕೆಮಿಕಲ್ ಏರುಪೇರು ಅನ್ನಿ. ಮುಗೀತು. ನಾನು ಯಾವಾಗಲೂ ಇದನ್ನೇ ಹೇಳೋದು.

ಶಾಲಾ ಆಪ್ತಸಮಾಲೋಚಕಿ:
ಅಷ್ಟಕ್ಕೇ ನಿಲ್ಲಿಸಿದರೆ ಎಡವಟ್ಟು ಸರ್. ‘ಮೆದುಳೇ ಕೆಟ್ಟಿದೆ’ ಅಂದಾಗ ಅವನ ತಪ್ಪಲ್ಲ ಅನ್ನೋದೇನೋ ಮಕ್ಕಳಿಗೆ ಹೊಳೆಯುತ್ತೆ. ಜೊತೆಗೇ ‘ಹಾಗಾದ್ರೆ ಸರಿಹೋಗಲ್ಲ, ಯಾವಾಗ ಏನು ಮಾಡ್ತಾನೋ’ ಅನ್ನೋ ಭಯವೂ ಹುಟ್ಟುತ್ತೆ. ಚಿಕಿತ್ಸೆ, ಚೇತರಿಕೆಯ ಮಾತನ್ನೂ ಸೇರಿಸಿಯೇ ಹೇಳಬೇಕು.

ಅಕ್ಕ, ಬೈಬೇಡಿ, ಕೇಳಿ: ‘ಸೈಕೋ ಅಂದ್ರೆ ಏನು ಅಂದ್ಕೊಂಡಿದ್ದೀಯ?’ ‘ಹೊಡೀತಾರೆ’ ಅಂದರೆ ಅದನ್ನೇ ಹಿಡಿದು ಮಾತಾಡಿ. ಮಾನಸಿಕ ಕಾಯಿಲೆ ಇರೋ ಬಹುತೇಕರು ಯಾರ ಮೇಲೂ ಕೈ ಎತ್ತೋರಲ್ಲ, ಬೇರೆಯವರಿಂದ ಪೆಟ್ಟು ತಿನ್ನೋ ಅಪಾಯವೇ ಅವರಿಗೆ ಹೆಚ್ಚು. 10ರಿಂದ 19 ವಯಸ್ಸಿನ ಏಳು ಜನರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ಕಾಯಿಲೆ ಇದೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 28 ಮಕ್ಕಳ ಕ್ಲಾಸಲ್ಲಿ ಲೆಕ್ಕ ಹಾಕೋಕೆ ಅವಳಿಗೇ ಬಿಡಿ. ಅರ್ಧ ಗಂಟೆ ಭಾಷಣ ಬೇಡ. ಕಾರಲ್ಲಿ ಹೋಗುವಾಗ ಐದೈದು ನಿಮಿಷ ಸಾಕು (ಮುಖ ನೋಡ್ಕೊಂಡು ಕೂರಬೇಕಿಲ್ಲ, ಅದಕ್ಕೇ ಬಾಯಿ ಬಿಡ್ತಾರೆ).

ಇನ್ನೊಬ್ಬ ಸದಸ್ಯೆ:
ಪದಗಳಿಂದ ಶುರು ಮಾಡಿ. ಜಪಾನಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆಗೆ ‘ಸೀಳಿದ ಮನಸ್ಸಿನ ಕಾಯಿಲೆ’ ಅನ್ನೋ ಅರ್ಥದ ಹೆಸರಿತ್ತು, 2002ರಲ್ಲಿ ಬದಲಾಯಿಸಿದರು. ನಾವೋ, ಮನೇಲಿ ಮಾತೆತ್ತಿದರೆ ‘ಮೆಂಟಲ್ಲು’, ‘ಅರೆಹುಚ್ಚ’.

ಮತ್ತೊಬ್ಬ ಸದಸ್ಯ:
ಎಲ್ಲಾ ಫೋನಿನ ಮಹಿಮೆ! 16 ತುಂಬೋವರೆಗೂ ಕೊಡಲೇಬಾರದು. ಈಗಿನ ಮಕ್ಕಳಿಗೆ ಬೇಜಾರಾದರೂ ಅದಕ್ಕೊಂದು ಕಾಯಿಲೆ ಹೆಸರು ಬೇಕು. ನಾವೆಲ್ಲ ಹೀಗಿದ್ವಾ?

ಹಿರಿಯ ಸದಸ್ಯ:
ನೂರಕ್ಕೆ ನೂರು! ಮತ್ತೆ ಆಪ್ತಸಮಾಲೋಚನೆ ಅಂತೆಲ್ಲ ಹೋಗಬೇಡಿ, ರೆಕಾರ್ಡಲ್ಲಿ ಉಳಿದುಬಿಡುತ್ತೆ.

ಶಾಲಾ ಆಪ್ತಸಮಾಲೋಚಕಿ:
ಸರ್, ಆ ಮಗಳಿಗೇನೂ ಆಗಿಲ್ಲ. ಪ್ರಶ್ನೆ ಅದಲ್ಲ. ಮತ್ತೆ ಈ ‘ರೆಕಾರ್ಡ್’ ಹೆದರಿಕೆಯಿಂದಲೇ ಮಕ್ಕಳು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರೋದು.

ಪೋಸ್ಟ್ ಹಾಕಿದ ತಾಯಿ:
ಫೋನ್ ವಿಷಯ ಇನ್ನೊಂದು ದಿನ ನೋಡೋಣ. ಸೋಮವಾರ ಅವಳು ಏನು ಹೇಳಬೇಕು?

ಶಾಲಾ ಆಪ್ತಸಮಾಲೋಚಕಿ:
‘ಬಂದ್ಯಾ, ಒಳ್ಳೇದಾಯ್ತು’ ಅಂದರೆ ಸಾಕು. ತಪ್ಪಿಹೋದ ಪಾಠದ ನೋಟ್ಸ್ ಕೊಡಲಿ. ‘ಏನಾಗಿತ್ತು?’ ಬೇಡ. ಅವನಾಗೇ ಹೇಳಿದರೆ ಕೇಳಲಿ, ಇನ್ನೊಬ್ಬರಿಗೆ ದಾಟಿಸದಿರಲಿ. ಸಾಯೋ ಮಾತು ಬಂದರೆ ಮಾತ್ರ ಗುಟ್ಟು ಕಾಯುವಂತಿಲ್ಲ, ಆ ಕ್ಷಣವೇ ದೊಡ್ಡವರಿಗೆ ತಿಳಿಸಬೇಕು. ವಾಟ್ಸಾಪಲ್ಲಿ ‘ಸೈಕೋ’ ಅಂತ ಕಂಡರೆ ಜಗಳ ಬೇಡ. ‘ಅವನಿಗೊಂದು ಹೆಸರಿದೆ’ ಅಂತ ಒಂದೇ ಸಾಲು ಹಾಕಲಿ. ಒಬ್ಬಳು ಗೆಳತಿಯನ್ನ ಮೊದಲೇ ಒಪ್ಪಿಸಿಟ್ಟುಕೊಂಡರೆ ಇನ್ನೂ ವಾಸಿ, ಒಂಟಿಯಾದರೆ ಇವಳನ್ನೇ ಆಡಿಕೊಳ್ತಾರೆ.

ಮತ್ತೊಬ್ಬ ಸದಸ್ಯ:
ಫೋನೇ ಇಲ್ಲದಿದ್ರೆ ವಾಟ್ಸಾಪೇ ಇರ್ತಿರಲಿಲ್ಲ. ನಾನು ಹೇಳಿದ್ದೂ ಅದನ್ನೇ.