ಅಮ್ಮನ ಅರವತ್ತಕ್ಕೆ ಕೆಂಪಿನ ಓಲೆ: ಏನು ನೋಡಿ ತಗೋಬೇಕು?

ಪ್ರಶ್ನೆ:
ಇನ್ನೆರಡು ತಿಂಗಳಿಗೆ ಅಮ್ಮನಿಗೆ ಅರವತ್ತು ತುಂಬುತ್ತೆ. ಗುಟ್ಟಾಗಿ ಒಂದು ಜೊತೆ ಕೆಂಪು ಕಲ್ಲಿನ ಓಲೆ ಕೊಡಿಸೋಣ ಅಂತಿದ್ದೀನಿ. ಒಂದೂವರೆ ಲಕ್ಷದವರೆಗೆ ಹಾಕಬಲ್ಲೆ. ಪೆಟ್ಟಿಗೆಯಲ್ಲಿಡೋಕಲ್ಲ, ದಿನಾ ಹಾಕಿಕೊಳ್ಳೋಕೆ. ಸ್ನಾನಕ್ಕೂ ಓಲೆ ತೆಗೆಯೋ ಅಭ್ಯಾಸ ಅವರಿಗಿಲ್ಲ. ಕಿವಿಯ ತೂತು ಸ್ವಲ್ಪ ಜೋತಿದೆ. ತಂಗಿ ಪಚ್ಚೆ ತಗೋ ಅಂತಾಳೆ, ಅಂಗಡಿಯವರು ವಜ್ರ ಮುಂದಿಡ್ತಾರೆ. ದುಡ್ಡು ಉಳಿದರೆ ಬಳೆಯ ಆಸೆಯೂ ಇದೆ, ಅಳತೆ ಗೊತ್ತಿಲ್ಲ. ತಿಳಿದವರು ಹೇಳಿ.

(ಕೆಳಗಿನ ಉತ್ತರಗಳು ಬರೆದವರ ಅಡ್ಡಹೆಸರಿನಲ್ಲಿವೆ.)

ಬೆಂಡೋಲೆ:
ಕಲ್ಲಿನ ಮಾತು ಆಮೇಲೆ, ಮೊದಲು ಕಿವಿ ನೋಡಿ. ಈಗ ಅವರು ಹಾಕಿರೋ ಓಲೆಯ ಕಡ್ಡಿ ದಪ್ಪವೋ ಸಣ್ಣವೋ? ಅಂಗಡಿಯಲ್ಲಿ ಸೌತ್ ಸ್ಕ್ರೂ, ಬಾಂಬೆ ಸ್ಕ್ರೂ ಅಂತ ಎರಡು ಥರ ಹೇಳ್ತಾರೆ. ಸೌತ್ ಸ್ಕ್ರೂ ಕಡ್ಡಿ ದಪ್ಪ, ಬಾಂಬೆಯದು ಸಣ್ಣ. ದಪ್ಪ ಕಡ್ಡಿಗೆ ಒಗ್ಗಿದ ಕಿವಿಗೆ ಸಣ್ಣದು ಹಾಕಿದರೆ ಓಲೆ ಮುಂದಕ್ಕೆ ಬಾಗಿ ನೆಲ ನೋಡುತ್ತೆ. ಸಣ್ಣದಕ್ಕೆ ಒಗ್ಗಿದ ಕಿವಿಗೆ ದಪ್ಪದ್ದು ತೂರೋದೇ ಇಲ್ಲ. ಗುಟ್ಟಾಗಿ ಕೊಡೋ ಓಲೆ ಕೆಡೋದು ಹೆಚ್ಚಾಗಿ ಇಲ್ಲೇ. ಅಮ್ಮನ ಹಳೇ ಜೊತೆ ಯಾವುದಾದರೂ ಪೆಟ್ಟಿಗೆಯಲ್ಲಿದ್ದರೆ ಒಂದು ದಿನದ ಮಟ್ಟಿಗೆ ತಂದು ಕಡ್ಡಿಯ ದಪ್ಪ, ಉದ್ದ ಎರಡೂ ಅಳೆಸಿ.

ತೂತು ಜೋತಿದ್ದರೆ ಒಂದು ಕಿವಿಗೆ 4 ಗ್ರಾಂ ದಾಟಿಸಬೇಡಿ. ಓಲೆಯ ಕೆಳಗೆ ಜುಮುಕಿ ನೇತು ಹಾಕೋ ವಿನ್ಯಾಸ ಬೇಡವೇ ಬೇಡ. ಕಡ್ಡಿಯನ್ನು ಓಲೆಯ ನಡುಮಧ್ಯಕ್ಕಲ್ಲದೆ ಒಂದು ಚೂರು ಮೇಲಕ್ಕೆ ಬೆಸೆಯೋಕೆ ಹೇಳಿ, ಭಾರ ಕೆಳಗೆ ಬಿದ್ದು ಓಲೆ ಕಿವಿಗೆ ಅಂಟಿ ನಿಲ್ಲುತ್ತೆ. ಹಿಂದಿನ ತಿರುಪು ಅಗಲ ಇರಲಿ. ಭಾರದ ಓಲೆಯೇ ಬೇಕು ಅಂದರೆ ಓಲೆಯಿಂದ ಕೂದಲಿಗೆ ಸಿಕ್ಕಿಸಿ ಭಾರ ಹೊರೋ ಕೆನ್ನೆ ಸರಪಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತೂತು ಹರಿಯೋ ಹಂತಕ್ಕೆ ಬಂದಿದ್ದರೆ ಓಲೆಗಿಂತ ಮೊದಲು ಡಾಕ್ಟರು: ಹೊಲಿಗೆ ಹಾಕಿ, ಪೂರ್ತಿ ಮಾಗಿದ ಮೇಲೆ ಹೊಸದಾಗಿ ಚುಚ್ಚಬೇಕು. ಅದು ಎರಡು ತಿಂಗಳಲ್ಲಿ ಮುಗಿಯುತ್ತೆ ಅಂತ ನಂಬಿಕೊಂಡು ದಿನ ಗೊತ್ತು ಮಾಡಬೇಡಿ.

ಅರಗು ಮತ್ತು ಬೇಗಡೆ:
ಸ್ನಾನಕ್ಕೂ ತೆಗೆಯಲ್ಲ ಅಂದಿರಲ್ಲ, ನಿಮ್ಮ ಆಯ್ಕೆ ಅಲ್ಲೇ ಅರ್ಧ ಮುಗೀತು. ಹಿಂಭಾಗ ಮುಚ್ಚಿದ ಸಾಂಪ್ರದಾಯಿಕ ಕೆಂಪಿನ ಓಲೆಯಲ್ಲಿ ಕಲ್ಲಿನ ಕೆಳಗೆ ಬೇಗಡೆ, ಅಂದರೆ ತೆಳ್ಳನೆಯ ಹೊಳೆಯೋ ಹಾಳೆ ಇಟ್ಟಿರ್ತಾರೆ, ಅದರಡಿ ಅರಗು ತುಂಬಿರ್ತಾರೆ. ಹೊಳಪು ಬರೋದು ಬೇಗಡೆಯಿಂದ. ಸೋಪಿನ ನೀರು, ಬೆವರು, ಎಣ್ಣೆ ಸಂದಿಯಲ್ಲಿ ಇಳಿದರೆ ಬೇಗಡೆ ಕಪ್ಪಾಗುತ್ತೆ. ಜನ "ಕಲ್ಲು ಸತ್ತುಹೋಯ್ತು" ಅಂತಾರೆ. ಕಲ್ಲಿಗೆ ಏನೂ ಆಗಿರಲ್ಲ, ಸತ್ತಿರೋದು ಬೇಗಡೆ. ಸರಿಮಾಡಬೇಕಾದರೆ ಕಲ್ಲು ಎಬ್ಬಿಸಿ ಮತ್ತೆ ಕೂರಿಸಬೇಕು, ಪ್ರತಿ ಸಲವೂ ಅಂಚಿನ ಚಿನ್ನ ತೆಳ್ಳಗಾಗುತ್ತೆ.

ದಿನಬಳಕೆಗೆ ಹಿಂಭಾಗ ತೆರೆದದ್ದು ತಗೊಳ್ಳಿ. ಕಲ್ಲಿನ ಸುತ್ತ ಪೂರ್ತಿ ಚಿನ್ನದ ಅಂಚು ಬರಲಿ. ಕೊಕ್ಕೆ ಹಿಡಿತದ್ದು ಸೆರಗಿನ ನೂಲಿಗೆ, ಕೂದಲಿಗೆ ಸಿಕ್ಕಿ ಮೇಲೇಳುತ್ತೆ, ಒಂದು ಕೊಕ್ಕೆ ಎದ್ದರೆ ಕಲ್ಲು ಹೋಯಿತು ಅಂತಲೇ ತಿಳಿಯಿರಿ.

ಪಚ್ಚೆ ದಿನಬಳಕೆಗೆ ಬೇಡ. ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7.5ರಿಂದ 8, ಕಾಗದದಲ್ಲಿ ನೋಡಿದರೆ ಚೆನ್ನಾಗೇ ಇದೆ. ಆದರೆ ಹುಟ್ಟಿನಿಂದಲೇ ಒಳಗೆ ಸೀಳುಗಳಿರ್ತವೆ, ಅವನ್ನು ಮರೆಸೋಕೆ ಎಣ್ಣೆ ಕುಡಿಸಿರ್ತಾರೆ. ಬಿಸಿನೀರು, ಸೋಪು ತಾಗ್ತಾ ತಾಗ್ತಾ ಎಣ್ಣೆ ಹೋಗಿ ಸೀಳು ಬೆಳ್ಳಗೆ ಕಾಣುತ್ತೆ. ಮಾಣಿಕ್ಯ 9, ನೆಲದಲ್ಲಿ ಸಿಗೋ ಒಡವೆಯ ಕಲ್ಲುಗಳಲ್ಲಿ ಅದಕ್ಕಿಂತ ಗಟ್ಟಿ ವಜ್ರ ಮಾತ್ರ. ಮುತ್ತು, ಹವಳ 3-4ರ ಆಸುಪಾಸು, ಬೆವರಿಗೂ ಸೆಂಟಿಗೂ ಮಂಕಾಗೋ ಜಾತಿ. ತಂಗಿಗೆ ಸಮಾಧಾನ ಆಗಬೇಕಿದ್ದರೆ ಹಬ್ಬಕ್ಕೆ ಮಾತ್ರ ಹಾಕೋ ಪದಕದಲ್ಲಿ ಪಚ್ಚೆ ಇಡಿ.

ಲೆಕ್ಕದ ಪುಸ್ತಕ:
ಕೆಂಪಿನ ಒಡವೆಯಲ್ಲಿ ದುಡ್ಡು ಸೋರೋದು ಕಲ್ಲಿನ ಬೆಲೆಯಲ್ಲಲ್ಲ, ಕಲ್ಲಿನ ತೂಕದಲ್ಲಿ. ಬಿಲ್ಲಿನಲ್ಲಿ ಮೂರು ತೂಕ ಬೇರೆಬೇರೆ ಬರೆಸಿ: ಒಟ್ಟು ತೂಕ, ಕಳೆದ ಕಲ್ಲಿನ ತೂಕ, ನಿವ್ವಳ ಚಿನ್ನ. ಅರಗು ಇದ್ದರೆ ಅದೂ ಕಳೆಯೋ ಬಾಬ್ತು. ಸುಲಭಕ್ಕೆ ಗ್ರಾಂಗೆ 10,000 ಅಂತ ಇಟ್ಟುಕೊಳ್ಳಿ, ಅವತ್ತಿನ ದರ ನೀವೇ ಹಾಕಿಕೊಳ್ಳಿ. ಜೊತೆಯ ಒಟ್ಟು ತೂಕ 10 ಗ್ರಾಂ, ಕಲ್ಲು 1.8 ಗ್ರಾಂ, ಚಿನ್ನ 8.2 ಗ್ರಾಂ. ಚಿನ್ನಕ್ಕೆ 82,000. ಮಜೂರಿ, ವೇಸ್ಟೇಜ್ (ಮಾಡುವಾಗ ಸವೆಯೋ ಚಿನ್ನದ ಲೆಕ್ಕ) ಸೇರಿ 14 ಪರ್ಸೆಂಟ್ ಅಂದರೆ 11,480. ಕಲ್ಲಿಗೆ 6,000. ಒಟ್ಟು 99,480, ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ 2,984. ನಿಮ್ಮ ಕೈಯಿಂದ ಹೋಗೋದು 1,02,464. ಅದೇ 10 ಗ್ರಾಮಿಗೂ ಚಿನ್ನದ ದರ ಹಾಕಿದರೆ 1.8 ಗ್ರಾಂ ಕಲ್ಲಿಗೆ 18,000 ಕೊಟ್ಟ ಹಾಗಾಯಿತು, ಮೇಲೆ ಅದಕ್ಕೂ ಮಜೂರಿ! "ಮಜೂರಿ ಫ್ರೀ" ಅನ್ನೋ ಬೋರ್ಡ್ ಕಂಡಾಗ ಮೊದಲು ಕಣ್ಣು ಹಾಯಿಸಬೇಕಾದ್ದು ಬಿಲ್ಲಿನ ಈ ಕಲ್ಲಿನ ತೂಕದ ಸಾಲಿನ ಮೇಲೆ.

ಹಾಲ್‌ಮಾರ್ಕ್: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆ ಹೇಳೋ 22ಕೆ916, ಪ್ರತಿ ಒಡವೆಗೂ ಬೇರೆಬೇರೆ ಇರೋ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ ಎಚ್‌ಯುಐಡಿ, ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಯಾವುದು ಅನ್ನೋದೂ ಬರುತ್ತೆ. ಕೈಯಲ್ಲಿರೋದು ಓಲೆ, ಆ್ಯಪಿನಲ್ಲಿ ಉಂಗುರ ಅಂತ ಬಂದರೆ ಅಲ್ಲಿಂದ ಎದ್ದು ಬನ್ನಿ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ, ಕುಂದನ್, ಪೋಲ್ಕಿ, ಜಡಾವು ಅನ್ನೋ ಕಲ್ಲು ಹುದುಗಿಸೋ ಕೆಲಸಕ್ಕೆ ಕಡ್ಡಾಯ ಇಲ್ಲ. ಕೆಲವರು ಮಾಮೂಲಿ ಕೆಂಪಿನ ಓಲೆಯನ್ನೂ "ಇದು ಜಡಾವು" ಅಂತ ಸಾಗಹಾಕ್ತಾರೆ, ಹುಷಾರು. ಖರೀದಿ 2 ಲಕ್ಷ ದಾಟಿದರೆ ಪ್ಯಾನ್ ಕೇಳ್ತಾರೆ, ನಿಮ್ಮ ಬಜೆಟ್ಟಿಗೆ ಆ ತಾಪತ್ರಯ ಇಲ್ಲ.

ಭೂತಗನ್ನಡಿ:
ಒಂದು ಮಾತು ಬಿಟ್ಟುಹೋಗಿದೆ. ಕೆಂಪು ಅನ್ನೋದು ಬಣ್ಣ, ಮಾಣಿಕ್ಯ ಅನ್ನೋದು ಕಲ್ಲು. ಅಂಗಡಿಯ ಬಾಯಲ್ಲಿ "ಕೆಂಪು" ಅಂದಾಗ ಅದು ಗಾಜೂ ಆಗಿರಬಹುದು, ಮನುಷ್ಯ ಬೆಳೆಸಿದ ಸಿಂಥೆಟಿಕ್ಕೂ ಆಗಿರಬಹುದು. ಹಾಗೆ ಮಾರೋದು ಮೋಸ ಅಲ್ಲ, ಮಾಣಿಕ್ಯದ ಬೆಲೆ ಹಾಕಿದರೆ ಮಾತ್ರ ಮೋಸ.

ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್, ಅಂದರೆ ಸಣ್ಣ ಭೂತಗನ್ನಡಿ ಹಿಡಿದು ನೋಡಿ. ದುಂಡಗಿನ ಗುಳ್ಳೆಗಳು ಕಂಡರೆ ಗಾಜು, ಗಾಜು ತುಂಬಿದ ಮಾಣಿಕ್ಯ, ಇಲ್ಲವೇ ಸಿಂಥೆಟಿಕ್. ಕಲ್ಲನ್ನು ಹೊರಳಿಸುವಾಗ ಒಳಗಿಂದ ನೀಲಿ ಮಿಂಚು ಹೊಡೆದರೆ ಬಹುಮಟ್ಟಿಗೆ ಸೀಸದ ಗಾಜು ತುಂಬಿದ್ದು. ಇದು ತೀರಾ ನಾಜೂಕು: ನಿಂಬೆರಸ ತಾಗಿದರೂ ಗಾಜು ತಿಂದುಹೋಗುತ್ತೆ, ಬೆಸುಗೆಯ ಉರಿ ತಾಗಿದರೆ ಮೇಲ್ಮೈ ಕೆಟ್ಟುಹೋಗುತ್ತೆ. ಮುಂದೆ ಕಡ್ಡಿ ಮುರಿದು ಬೆಸೆಯೋಕೆ ಕೊಟ್ಟಾಗ ಬಣ್ಣ ಬಯಲಾಗೋದು ಹೀಗೆ. ಬಾಗಿದ ಗೆರೆಗಳು ಕಂಡರೆ ಉರಿಯಲ್ಲಿ ಕರಗಿಸಿ ಬೆಳೆಸಿದ ಸಿಂಥೆಟಿಕ್. ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳು, ನೇರ ಗೆರೆಗಳು ಇದ್ದರೆ ಒಳ್ಳೆಯ ಲಕ್ಷಣ. ಒಂದು ಕಲೆಯೂ ಇಲ್ಲದ, ಅಗ್ಗದ, ದೊಡ್ಡ ಮಾಣಿಕ್ಯ ಅಂತ ಒಂದು ಇಲ್ಲ.

ನಡುವಿನ ಕಲ್ಲು ದೊಡ್ಡದಾಗಿದ್ದರೆ ಕೂರಿಸೋ ಮುಂಚೆ, ಬಿಡಿಯಾಗಿದ್ದಾಗಲೇ ಲ್ಯಾಬಿಗೆ ಕೊಡಿಸಿ. ವರದಿಯಲ್ಲಿ "ನ್ಯಾಚುರಲ್" ಅಂತ ಓದಿ ಮಡಚಿಡಬೇಡಿ, ಕೆಳಗಿನ ಷರಾ ಓದಿ. ಬಿಸಿ ಮಾಡಿದ್ದು ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮಾರುಕಟ್ಟೆಯ ಬಹುಪಾಲು ಮಾಣಿಕ್ಯ ಹಾಗೇ. ಗಾಜು ತುಂಬಿದ್ದು, ಕಾಂಪೋಸಿಟ್ (ಮಾಣಿಕ್ಯ, ಗಾಜು ಬೆರೆತದ್ದು) ಅಂತಿದ್ದರೆ ಬೇಡ. ಸುತ್ತಲಿನ ಸಾಸಿವೆ ಗಾತ್ರದ ಕಲ್ಲುಗಳಿಗೆ ಇದ್ಯಾವುದೂ ಗಿಟ್ಟಲ್ಲ.

ವಜ್ರದ ಬಗ್ಗೆ ಎರಡೇ ಮಾತು. ಅಂಗಡಿಯ ಮೇಜಿನ ಮೇಲಿನ ಬೀಪ್ ಪೆನ್ನು ಶಾಖ ಹರಿಯೋದನ್ನು ಮಾತ್ರ ನೋಡುತ್ತೆ. ಲ್ಯಾಬಿನಲ್ಲಿ ಬೆಳೆದ ವಜ್ರಕ್ಕೂ ಬೀಪ್ ಅನ್ನುತ್ತೆ, ವಜ್ರದ ಹಾಗೇ ಕಾಣೋ ಬೇರೆ ಕಲ್ಲು ಮೊಯ್ಸನೈಟಿಗೂ ಅನ್ನಬಹುದು. ಸರ್ಟಿಫಿಕೇಟ್ ಇಲ್ಲದೆ ಬೇಡ. ವಜ್ರದ ತೂಕ ಹೇಳುವಾಗ ಸೆಂಟ್ ಅಂದರೆ ಕ್ಯಾರೆಟ್ಟಿನ ನೂರನೇ ಭಾಗ, ಒಂದು ಕ್ಯಾರೆಟ್ 0.2 ಗ್ರಾಂ.

ಪೆಟ್ಟಿಗೆ ಬೀಗ:
ಇಷ್ಟೆಲ್ಲ ಯಾಕೆ? ಹಳೇ ಕಾಲದ ಓಲೆ ಹುಡುಕಿ ತಗೊಳ್ಳಿ. ಆಗಿನ ಕೆಂಪು ಅಂದರೆ ಅಸಲಿ.

ಭೂತಗನ್ನಡಿ:
ಅಲ್ಲ ಸಾರ್. ಫ್ರಾನ್ಸಿನ ವೆರ್ನ್ಯೂಯಿ ಉರಿಯಲ್ಲಿ ಮಾಣಿಕ್ಯ ಬೆಳೆಸೋ ವಿಧಾನ ಪ್ರಕಟಿಸಿದ್ದು 1902ರಲ್ಲಿ. ಅಜ್ಜಿಯ ಕಾಲದ ಓಲೆಯಲ್ಲಿ ಸಿಂಥೆಟಿಕ್ ಕಲ್ಲಿದ್ದರೆ ಆಶ್ಚರ್ಯ ಇಲ್ಲ. ಹಳೇದು ಅನ್ನೋದು ಚಿನ್ನದ ಕೆಲಸಕ್ಕೆ ಬೆಲೆ ತರಬಹುದು, ಕಲ್ಲಿಗೆ ಸಾಕ್ಷಿ ಅಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ಹಿಂಭಾಗ ತೆರೆದ ಓಲೆಯೇ ಅಂತ ಗಟ್ಟಿ ಮಾಡಿಕೊಂಡೆ. ಬಳೆಯ ಅಳತೆ? ಮತ್ತೆ ಅಮ್ಮನ ಹಳೇ ಮುರುಕು ಓಲೆ ಒಂದು ಜೊತೆ ನನ್ನ ಹತ್ತಿರವೇ ಇದೆ, ಅದನ್ನು ಹಾಕಿ ಮಾಡಿಸಬಹುದಾ?

ಬೆಂಡೋಲೆ:
ಅಮ್ಮ ಹಾಕಿ ತೆಗೆಯೋ ಬಳೆಯೊಂದರ ಒಳಅಗಲ ಮಿಲಿಮೀಟರಿನಲ್ಲಿ ಅಳೆಯಿರಿ. ಎರಡು-ನಾಲ್ಕು ಅಂದರೆ 57, ಎರಡು-ಆರು ಅಂದರೆ 60, ಎರಡು-ಎಂಟು ಅಂದರೆ 63.5. ಚುಕ್ಕೆ ಇಟ್ಟು 2.4 ಅಂತ ಬರೀತಾರೆ, ಆದರೆ ಅದು ದಶಮಾಂಶ ಅಲ್ಲ, ಎರಡು ಇಂಚು ಮತ್ತು ಇಂಚಿನ ಹದಿನಾರನೇ ನಾಲ್ಕು ಭಾಗ. ಹಾಗಾಗಿ 2.8 ಆದಮೇಲೆ ಬರೋದು 2.10, ಅದು 2.1 ಅಲ್ಲ. ಆನ್‌ಲೈನಿನಲ್ಲಿ ತರಿಸುವವರು ಬೀಳೋ ಹಳ್ಳ ಇದೇ. ಗಾಜಿನ ಬಳೆಯ ಅಳತೆ ಹಿಡಿದು ಚಿನ್ನದ ಅಗಲವಾದ ಬಳೆ ಮಾಡಿಸುವಾಗ ಒಂದು ಅಳತೆ ದೊಡ್ಡದಿರಲಿ. ಅರವತ್ತರ ಹತ್ತಿರ ಗೆಣ್ಣು ದಪ್ಪಗಾಗಿದ್ದರೆ ತೆರೆಯೋ ಕೀಲಿನ ಕಡಗವೇ ವಾಸಿ. ಆದರೆ ನಿಮ್ಮ ಬಜೆಟ್ಟಿನಲ್ಲಿ ಎರಡೂ ಮಾಡೋಕೆ ಹೋದರೆ ಓಲೆ ತೆಳ್ಳಗಾಗುತ್ತೆ, ಬಳೆ ಇನ್ನೊಂದು ವರ್ಷಕ್ಕಿರಲಿ.

ಲೆಕ್ಕದ ಪುಸ್ತಕ:
ಹಳೇದು ಹಾಕಬಹುದು, ಅಮ್ಮ ಬೇಡ ಅನ್ನಲ್ಲ ಅಂತ ಖಾತ್ರಿ ಇದ್ದರೆ. ಮೊದಲು ಎರಡೂ ಓಲೆಯ ಫೋಟೊ ತೆಗೆದು ಕಲ್ಲು ಎಣಿಸಿ ಬರೆದಿಟ್ಟುಕೊಳ್ಳಿ. ಕಲ್ಲುಗಳನ್ನು ನಿಮ್ಮೆದುರೇ ಬಿಡಿಸಿ ಪೊಟ್ಟಣ ಕಟ್ಟಿ ವಾಪಸ್ ಕೊಡೋಕೆ ಹೇಳಿ, ಹಳೇ ಓಲೆಯ ಕಲ್ಲಿಗೆ ಅಂಗಡಿಯವರು ಬೆಲೆ ಕಟ್ಟೋದು ಕಡಿಮೆ. ಆಮೇಲೆ ಅರಗು ಹೋಗೋವರೆಗೆ ಕಾಯಿಸಿ, ಕರಗಿಸಿ, ಆ ಗಟ್ಟಿಯ ಶುದ್ಧತೆ ನೋಡಿ ದರ ಹಾಕಬೇಕು. ಕರಗಿಸದೆ ಯಂತ್ರದ ಕೆಳಗಿಟ್ಟು ಪರ್ಸೆಂಟ್ ಹೇಳಿದರೆ ಒಪ್ಪಬೇಡಿ, ಆ ಯಂತ್ರ ನೋಡೋದು ಮೇಲ್ಪದರ ಮಾತ್ರ. ಹಳೇ ತಿರುಪಿನಲ್ಲಿ ಬೆಸುಗೆ ಜಾಸ್ತಿ, ತಿರುಪು ಬೇರೆಯಾಗಿ, ಓಲೆಯ ಹೂವು ಬೇರೆಯಾಗಿ ಕರಗಿಸಿದರೆ ನಿಮಗೇ ಲಾಭ.