ಉಪ್ಪಾಗೆ ಮಾತ್ರೆ, ಅರಿಶಿನ ಮಾತ್ರೆ: ಅಪ್ಪಯ್ಯನಿಗೆ ಕೊಡಬಹುದಾ?

ಪ್ರಶ್ನೆ (ಶಿರಸಿಯಿಂದ)
ಅಪ್ಪಯ್ಯನಿಗೆ 68 ವರ್ಷ. ಶುಗರ್, ಬಿಪಿ ಎರಡೂ ಇದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯೂ ನಡೆಯುತ್ತಿದೆ. ಬೆಂಗಳೂರಿನ ಮಾವ ಎರಡು ಡಬ್ಬಿ ತಂದುಕೊಟ್ಟಿದ್ದಾರೆ. ಒಂದು ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್, ಅದಕ್ಕೆ ಕಾಳುಮೆಣಸಿನ ಸತ್ವ ಸೇರಿಸಿದ್ದಾರೆ. ಇನ್ನೊಂದು ತೂಕ ಇಳಿಸುವ ಗಾರ್ಸಿನಿಯಾ, ಅಂದರೆ ನಮ್ಮ ಕಡೆಯ ಹುಳಿ ಹಣ್ಣು ಉಪ್ಪಾಗೆಯ ಮಾತ್ರೆ. "ನಮ್ಮ ಉಪ್ಪಾಗೆಯೇ ಅಲ್ವಾ, ಏನಾಗ್ತದೆ" ಅಂತ ಅಪ್ಪಯ್ಯ ಶುರು ಮಾಡಲು ಹೊರಟಿದ್ದಾರೆ. ಆಯಿ ಮಾಡುವ ಒಂದೆಲಗದ ತಂಬುಳಿ, ಮುರುಗಲು (ಕೋಕಂ) ಸಾರು ಸಾಕಾಗೋದಿಲ್ವಾ?

ಉತ್ತರ (ಕಾರವಾರ, ಔಷಧಿ ಅಂಗಡಿಯವನು)
ತಂಗಿ, ಎರಡೂ ಡಬ್ಬಿ ಇವತ್ತೇ ಎತ್ತಿಡಿ. ವಾರ್ಫರಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಇಂಥದ್ದನ್ನು ಮುಟ್ಟಲೇಬಾರದು.

ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಅದೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರದ ಅಂಶ. ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಕಂಪನಿಗಳು ಡಬ್ಬಿ ಮೇಲೆ ಹೊಗಳಿಕೊಳ್ಳುವುದು ಇದನ್ನೇ. ಆದರೆ ಲಿವರ್ ಔಷಧಿಗಳನ್ನು ಒಡೆದು ಹೊರಹಾಕುವ ಕೆಲಸವನ್ನೇ ಪೈಪರಿನ್ ನಿಧಾನ ಮಾಡುತ್ತದೆ. ಹಾಗಾಗಿ ಬೇರೆ ಮಾತ್ರೆಗಳ ಅಂಶವೂ ರಕ್ತದಲ್ಲಿ ಏರಬಹುದು. ಸಾರಿಗೆ ಕುಟ್ಟಿ ಹಾಕುವ ನಾಲ್ಕು ಕಾಳಿಗೆ ಹೆದರಬೇಕಾಗಿಲ್ಲ. ಅರಿಶಿನದ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾಗಿವೆ.

ಉಪ್ಪಾಗೆ ವಿಷಯ. ಮಳೆಗಾಲದಲ್ಲಿ ನಿಮ್ಮ ಕಡೆ ಒಲೆ ಹೊಗೆಯಲ್ಲಿ ಒಣಗಿಸಿ ಮಾರುವ ಸಿಪ್ಪೆಯಿಂದಲೇ ಗಾರ್ಸಿನಿಯಾ ಮಾತ್ರೆಯ ಹುಳಿ ಸತ್ವ ತೆಗೆಯುತ್ತಾರೆ, ನಿಜ. ಅಮೆರಿಕದಲ್ಲಿ 135 ದಪ್ಪನೆಯ ಜನರಿಗೆ 12 ವಾರ ಅದನ್ನು ಕೊಟ್ಟು, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ನೆ ಹುಸಿ ಮಾತ್ರೆ ನುಂಗಿದವರಿಗಿಂತ ಇವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಇದರಿಂದಲೂ ಲಿವರಿಗೆ ತೊಂದರೆಯಾದದ್ದುಂಟು.

ಶುಗರ್, ಬಿಪಿ ಇದ್ದವರಿಗೆ ಸೊಪ್ಪು, ಕಾಳು, ಹಣ್ಣು ಬೇಕೇ ಬೇಕು. ಸೊಪ್ಪಿನ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದು ಮುಂದೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲವಾಗುತ್ತದೆ. ಮುರುಗಲಿನ ಕೆಂಪು ಬಣ್ಣ ಆಂಥೋಸಯಾನಿನ್‌ನದು, ನೇರಳೆ ಹಣ್ಣಿನಲ್ಲೂ ಅದೇ ಗುಂಪಿನ ಬಣ್ಣ. ಇಂಥವು ಬಹುಪಾಲು ಕರುಳಿನ ಬ್ಯಾಕ್ಟೀರಿಯಾ ಒಡೆದ ಮೇಲೆಯೇ ಮೈಗೆ ಸೇರುತ್ತವೆ. ಆ ಬ್ಯಾಕ್ಟೀರಿಯಾಗೆ ನಾರೇ ಊಟ. ಡಬ್ಬಿಯಲ್ಲಿ ನಾರೆಲ್ಲಿದೆ?

ಉತ್ತರ (ಕುಮಟಾದಿಂದ)
ಮುರುಗಲು ಒಳ್ಳೆಯದೇ, ಆದರೆ ಶರಬತ್ತಿನ ಬಾಟಲಿ ಬೇಡ. ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ. ನಾನು ಒಣ ಸಿಪ್ಪೆ ನೆನೆಸಿ, ಜೀರಿಗೆ ಕುಟ್ಟಿ ಹಾಕಿ ಸಕ್ಕರೆಯಿಲ್ಲದೆ ಕೊಡುತ್ತೇನೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮತ್ತೆ ಉಪ್ಪು ಹಾಕಬೇಡಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ದೊಡ್ಡ ಮಿಡಿ ಗಂಜಿ ಜೊತೆ ಮುಗಿಸಿದರೆ ಅದರಲ್ಲಿ ಎಷ್ಟು ಹೋಗಿರುತ್ತದೋ!

ಕೇಳಿದವಳು
ಡಬ್ಬಿ ಎತ್ತಿಟ್ಟಿದ್ದೇನೆ. ಹಾಗಾದರೆ ಇವತ್ತಿನಿಂದ ದಿನಾ ಹರಿವೆ ಸೊಪ್ಪು ಮಾಡಲಾ?

ಕಾರವಾರದವನು
ಒಮ್ಮೆಲೇ ಹೆಚ್ಚಿಸಬೇಡಿ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಬಿಡಲೂಬೇಡಿ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಜಾಸ್ತಿ ಮಾಡಬೇಕು ಅನ್ನಿಸಿದರೆ ಮೊದಲು ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ನೋಡಿ ಅವರು ಮಾತ್ರೆ ಹೊಂದಿಸುತ್ತಾರೆ. ಹೋಗುವಾಗ ಆ ಎರಡು ಡಬ್ಬಿಯನ್ನೂ ಒಯ್ಯಿರಿ.